ಆಕ್ಸ್‌ಫರ್ಡಿನ ಪ್ರಭುವೂ ಅವನ ಹದಿನಾರು ಕವಿತೆಗಳೂ

ಎಡ್ವರ್ಡ್ ಡಿ ವೇರ್ ಎಂಬ ಹೆಸರು ಕನ್ನಡ ವಾಚಕರಿಗೆ ಅಷ್ಟಾಗಿ ಪರಿಚಿತವಾದುದಲ್ಲ. ಅವನು ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿದ್ದ ಪ್ರಭು. ಆಕ್ಸ್‌ಫರ್ಡಿನ 17ನೆಯ ಅರ್ಲ್ ಎಂಬುದು ಅವನ ಪದವಿ. ತನ್ನ ಕಾಲದಲ್ಲಿ ಕವಿಯೆಂದು ಹೆಸರು ಪಡೆದಿದ್ದನು. ಸತ್ತ ಬಳಿಕ ಮೂರು ಶತಮಾನಗಳ ಕಾಲ ಬಹುಮಟ್ಟಿಗೆ ಮರೆವಿಗೆ ಸಂದಿದ್ದನು. 1920ರಲ್ಲಿ ಅವನಿಗೆ ಎರಡನೆಯ ಜನ್ಮ ಬಂದಿತು. ಷೇಕ್ಸ್‌ಪಿಯರನ ಹೆಸರಿನಲ್ಲಿ ಲೋಕವು ಓದುತ್ತ ಬಂದಿರುವ ನಾಟಕಗಳನ್ನೂ ಕಾವ್ಯಗಳನ್ನೂ ನಿಜವಾಗಿ ರಚಿಸಿದವನು ಈ ಪ್ರಭುವೇ ಎಂದು ಆ ವರ್ಷ ಪ್ರಕಟವಾದ ಒಂದು ಗ್ರಂಥ ಸಾರಿತು. ಅಂದಿನಿಂದ ಅವನ ಹೆಸರು ವಿವಾದದ ಹೆಸರಾಗಿ ಉಳಿದಿದೆ.

ಪರದೇಶದ ಈ ತಕರಾರು ನಮಗೇಕೆ ಎಂದು ವಾಚಕರು ಕೇಳಬಹುದು. ಕುವೆಂಪು ಅವರ 'ಬಿರುಗಾಳಿ', 'ರಕ್ತಾಕ್ಷಿ'ಗಳ ಮೂಲಕ ಷೇಕ್ಸ್‌ಪಿಯರನನ್ನು ಮನೆಯವನನ್ನಾಗಿ ಮಾಡಿಕೊಂಡವರು ನಾವು. ಅವನ ಕೃತಿಗಳ ಕರ್ತೃತ್ವದ ಪ್ರಶ್ನೆ ನಮಗೂ ಸೇರಿದ್ದೇ. ಇನ್ನೊಂದು ಕಾರಣವೂ ಉಂಟು. ಈ ವಿವಾದದ ತಳವನ್ನು ಕೆದಕಿ ನೋಡಿದರೆ ಅಲ್ಲಿ ಕಾಣುವುದು ಒಂದು ಹಳೆಯ ಸಂದೇಹ: ಸಣ್ಣ ಊರಿನ ಶಾಲೆಯಲ್ಲಿ ಓದಿದ ಕಸಬುದಾರನ ಮಗನಿಂದ ಇಷ್ಟು ದೊಡ್ಡದು ಸಾಧ್ಯವೇ? ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿ, ಅಂಥ ಶಾಲೆಗಳಲ್ಲಿಯೇ ಪಾಠ ಹೇಳಿ ತಲೆ ನರೆತ ನಮ್ಮಂಥವರು ಈ ಪ್ರಶ್ನೆಯನ್ನು ಕೇಳಿಸಿಕೊಳ್ಳದವರಂತೆ ದಾಟಿಹೋಗಲಾಗದು. ಆದುದರಿಂದ ಆ ಪ್ರಭುವಿನ ಜೀವನವನ್ನೂ ಅವನು ನಿಜವಾಗಿ ಬಿಟ್ಟುಹೋದ ಕವಿತೆಗಳನ್ನೂ ಅವನ ಪರವಾಗಿ ಇತರರು ಮಂಡಿಸಿದ ಹಕ್ಕನ್ನೂ ಇಲ್ಲಿ ಕ್ರಮವಾಗಿ ಪರಾಮರ್ಶಿಸಲು ಯತ್ನಿಸುತ್ತೇವೆ.

ಡಿ ವೇರ್ ಹುಟ್ಟಿದುದು 1550ರ ಏಪ್ರಿಲ್ 12ರಂದು, ಎಸೆಕ್ಸ್ ಪ್ರಾಂತದ ಹೆಡಿಂಗ್‌ಹ್ಯಾಮ್ ಕೋಟೆಯಲ್ಲಿ. ಇಂಗ್ಲೆಂಡಿನ ಅತಿ ಪ್ರಾಚೀನ ಪ್ರಭುವಂಶಗಳಲ್ಲಿ ಅವನದು ಒಂದು. 1562ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ 12 ವರ್ಷ. ಅಂದಿನ ಕಾನೂನಿನಂತೆ ಅಪ್ರಾಪ್ತ ವಯಸ್ಸಿನ ಪ್ರಭುವಿನ ಪೋಷಣೆ ರಾಣಿಯ ಅಧಿಕಾರಕ್ಕೆ ಒಳಪಡುತ್ತಿತ್ತು. ಹೀಗೆ ಬಾಲಕನು ರಾಣಿಯ ಮುಖ್ಯ ಮಂತ್ರಾಲೋಚಕನಾದ ವಿಲಿಯಂ ಸೆಸಿಲನ ಲಂಡನ್ ಮನೆಯಲ್ಲಿ ಬೆಳೆದನು. ಅಲ್ಲಿ ಉತ್ತಮ ಉಪಾಧ್ಯಾಯರಿದ್ದರು. ತಾಯಿಯ ತಮ್ಮನಾದ ಆರ್ಥರ್ ಗೋಲ್ಡಿಂಗನೂ ಕೆಲಕಾಲ ಅದೇ ಮನೆಯಲ್ಲಿದ್ದನು. ರೋಮನ್ ಕವಿ ಓವಿಡನ 'ಮೆಟಮಾರ್ಫಸಿಸ್' ಕಾವ್ಯವನ್ನು ಇಂಗ್ಲಿಷಿಗೆ ತಂದವನು ಈ ಗೋಲ್ಡಿಂಗನೇ. ಆ ಅನುವಾದವು 1567ರಲ್ಲಿ ಪೂರ್ಣವಾಗಿ ಮುದ್ರಣಗೊಂಡಿತು.

ಅದೇ 1567ರಲ್ಲಿ, ಕತ್ತಿವರಸೆಯ ಅಭ್ಯಾಸ ನಡೆಸುತ್ತಿದ್ದ 17ರ ಹರೆಯದ ಪ್ರಭುವಿನ ಕತ್ತಿಗೆ ಸೆಸಿಲನ ಅಡುಗೆಮನೆಯ ಆಳೊಬ್ಬನು ಬಲಿಯಾದನು. ಆ ಆಳು ತಾನಾಗಿಯೇ ಕತ್ತಿಯ ಮೊನೆಯ ಮೇಲೆ ಬಿದ್ದು ಆತ್ಮಹತ್ಯೆ ಮಾಡಿಕೊಂಡನೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅಪರಾಧವು ಸತ್ತವನ ಪಾಲಿಗೆ ಬಂದಿತು. ಪ್ರಭುವಿಗೂ ಆಳಿಗೂ ನ್ಯಾಯದ ತಕ್ಕಡಿ ಹೇಗೆ ತೂಗುತ್ತಿತ್ತೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

1571ರಲ್ಲಿ ಡಿ ವೇರ್ ಸೆಸಿಲನ ಮಗಳು ಆ್ಯನಳನ್ನು ಮದುವೆಯಾದನು. ಆ ವೇಳೆಗೆ ಮಾವನು ಬರ್ಲಿ ಪ್ರಭುವಾಗಿದ್ದನು. ದಾಂಪತ್ಯ ಸುಖಕರವಾಗಲಿಲ್ಲ. 1575ರಲ್ಲಿ ಪ್ರಭು ಫ್ರಾನ್ಸ್, ಇಟಲಿಗಳ ಪ್ರವಾಸಕ್ಕೆ ಹೊರಟನು. ವೆನಿಸ್, ಪಾದುವಾ, ಸಿಯೆನಾ ನಗರಗಳನ್ನು ಕಂಡನು. ಮರಳುವಾಗ ಕಡಲ್ಗಳ್ಳರು ಅವನನ್ನು ದೋಚಿದರು. ತಾನು ಪರದೇಶದಲ್ಲಿದ್ದಾಗ ಹುಟ್ಟಿದ ಮಗಳು ತನ್ನವಳಲ್ಲವೆಂಬ ಗುಮಾನಿ ಹೊತ್ತು, 1576ರಲ್ಲಿ ತಾಯ್ನಾಡಿಗೆ ಬಂದವನು ಹೆಂಡತಿಯ ಮುಖವನ್ನು ವರ್ಷಗಟ್ಟಲೆ ನೋಡಲಿಲ್ಲ. 1579ರಲ್ಲಿ ಟೆನಿಸ್ ಅಂಗಣವೊಂದರಲ್ಲಿ ಸರ್ ಫಿಲಿಪ್ ಸಿಡ್ನಿಯೊಡನೆ ಕಲಹ ಮಾಡಿಕೊಂಡನು. ಮಾತು ದ್ವಂದ್ವಯುದ್ಧದವರೆಗೆ ಬೆಳೆದಾಗ ರಾಣಿ ಅಡ್ಡಬಂದು, ಅರ್ಲ್ ಪದವಿಗೂ ಸಾಮಾನ್ಯ ಗೃಹಸ್ಥಿಕೆಗೂ ಇರುವ ಅಂತರವನ್ನು ಸಿಡ್ನಿಗೆ ನೆನಪಿಸಿದಳೆಂದು ಸಿಡ್ನಿಯ ಗೆಳೆಯ ಫುಲ್ಕ್ ಗ್ರೆವಿಲ್ ಬರೆದಿದ್ದಾನೆ. 1581ರಲ್ಲಿ ರಾಣಿಯ ಸಖಿಯರಲ್ಲೊಬ್ಬಳಾದ ಆ್ಯನ್ ವಾವಸೋರಳು ಅವನ ಮಗನನ್ನು ಹೆತ್ತಾಗ ರಾಣಿಯು ಇಬ್ಬರನ್ನೂ ಲಂಡನ್ ಗೋಪುರದ ಸೆರೆಗೆ ಅಟ್ಟಿದಳು. ಬಿಡುಗಡೆಯಾದ ಬಳಿಕ ಆ ಹೆಣ್ಣಿನ ಬಂಧುವಾದ ಥಾಮಸ್ ನಿವೆಟನೊಡನೆ ಕಾದಾಡಿ ಗಾಯಗೊಂಡನು.

ಇತ್ತ ಪಿತ್ರಾರ್ಜಿತ ಜಮೀನುಗಳು ಒಂದೊಂದಾಗಿ ಮಾರಾಟವಾಗುತ್ತಿದ್ದವು. 1586ರಲ್ಲಿ ರಾಣಿ ಅವನಿಗೆ ವರ್ಷಕ್ಕೆ 1000 ಪೌಂಡಿನ ಜೀವನಾಂಶವನ್ನು ಗೊತ್ತುಮಾಡಿದಳು. ಮುಂದಿನ ಬದುಕು ಬಹುಮಟ್ಟಿಗೆ ಅದರ ಆಶ್ರಯದಲ್ಲಿ ಸಾಗಿತು. 1588ರಲ್ಲಿ ಹೆಂಡತಿ ತೀರಿಕೊಂಡಳು. 1591ರಲ್ಲಿ ಎಲಿಜಬೆತ್ ಟ್ರೆಂಥಮಳನ್ನು ಮದುವೆಯಾಗಿ, ವಂಶ ಮುಂದುವರಿಸುವ ಮಗನನ್ನು ಪಡೆದನು. 1604ರ ಜೂನ್ 24ರಂದು ಲಂಡನ್ ಬಳಿಯ ಹ್ಯಾಕ್ನಿಯಲ್ಲಿ ಕಾಲವಾದನು. ಈ ತಾರೀಖನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ಇನ್ನು ಕವಿಯ ವಿಚಾರ. 1589ರಲ್ಲಿ ಹೊರಬಂದ, ಜಾರ್ಜ್ ಪಟನ್‌ಹ್ಯಾಮನದೆಂದು ಹೇಳಲಾಗುವ ಕಾವ್ಯಮೀಮಾಂಸೆಯ ಗ್ರಂಥವು ಆಸ್ಥಾನದ ಕವಿಗಳಲ್ಲಿ ಇವನ ಹೆಸರನ್ನು ಮೊದಲು ಹೇಳುತ್ತದೆ. ಹರ್ಷನಾಟಕ ರಚನೆಯಲ್ಲಿಯೂ ಇವನನ್ನು ಶ್ಲಾಘಿಸುತ್ತದೆ. 1598ರಲ್ಲಿ ಫ್ರಾನ್ಸಿಸ್ ಮಿಯರ್ಸ್ ಕೊಟ್ಟ ಹರ್ಷನಾಟಕಕಾರರ ಪಟ್ಟಿಯಲ್ಲಿಯೂ ಇವನಿದ್ದಾನೆ. ಆ ನಾಟಕಗಳಲ್ಲಿ ಒಂದೂ ಉಳಿದುಬಂದಿಲ್ಲ. ಉಳಿದವು ಬಿಡಿ ಕವಿತೆಗಳು ಮಾತ್ರ. ಅವುಗಳನ್ನು 1980ರಲ್ಲಿ ಸಂಪಾದಿಸಿದ ಸ್ಟೀವನ್ ಮೇ ಅವರು 16ನ್ನು ನಿಶ್ಚಿತವಾಗಿ ಇವನವೆಂದೂ ಇನ್ನು 4ನ್ನು ಇವನವಿರಬಹುದೆಂದೂ ನಿರ್ಣಯಿಸಿದ್ದಾರೆ.

ಈ ಕವಿತೆಗಳ ವಸ್ತು ವಿಸ್ತಾರವಾದುದಲ್ಲ. ಪ್ರೇಮದ ದೂರು, ಚಂಚಲೆಯಾದ ಹೆಣ್ಣಿನ ಮೇಲಿನ ಮುನಿಸು, ಅಂಕೆಗೆ ಸಿಲುಕದ ಬಯಕೆ, ಕೆಟ್ಟುಹೋದ ಹೆಸರಿನ ಅಳಲು: ಇವೇ ಮರಳಿ ಮರಳಿ ಬರುತ್ತವೆ. ಹಲವು ಕವಿತೆಗಳು 1576ರ 'ಪ್ಯಾರಡೈಸ್ ಆಫ್ ಡೇಂಟಿ ಡಿವೈಸಸ್' ಎಂಬ ಸಂಕಲನದಲ್ಲಿ ಅವನ ಹೆಸರಿನ ಆದ್ಯಕ್ಷರಗಳೊಡನೆ ಅಚ್ಚಾದವು. ಛಂದಸ್ಸು ಆ ಕಾಲದ್ದು. ನೀಳವಾದ, ಮುಂಗಾಣಬಹುದಾದ ಲಯದ ಸಾಲುಗಳು, ಸಾಲು ಮುಗಿದಲ್ಲಿಯೇ ಮುಗಿಯುವ ಅರ್ಥ, ಒಂದೇ ಅಕ್ಷರದಿಂದ ಶಬ್ದಗಳನ್ನು ಪೋಣಿಸುವ ಮೋಹ. ಒಂದು ಉಪಮೆ ಸಿಕ್ಕಿತೆಂದರೆ ಅದರ ಜಾತಿಯ ಇನ್ನೈದನ್ನು ಸಾಲಾಗಿ ನಿಲ್ಲಿಸದೆ ಕವಿಗೆ ಸಮಾಧಾನವಿಲ್ಲ. ಹೀಗಿದ್ದರೂ ಇವು ತಿರಸ್ಕಾರಯೋಗ್ಯವಲ್ಲ. ಮಾನಹಾನಿಯನ್ನು ಕುರಿತ ಕವಿತೆಯಲ್ಲಿ ಶಾಸ್ತ್ರಕ್ಕೆ ಮಾಡಿದ ಅಳುವಿಲ್ಲ. ನಿಜವಾಗಿ ನೊಂದವನ ರೋಷವಿದೆ. ಕೆಲವು ಕಿರುಗವಿತೆಗಳಲ್ಲಿ ಹಾಡಿನ ಹಗುರತನವೂ ತನ್ನನ್ನು ತಾನೇ ನೋಡಿ ನಗುವ ಜಾಣತನವೂ ಇವೆ. ಸಿಡ್ನಿ, ಸ್ಪೆನ್ಸರರು ಇಂಗ್ಲಿಷ್ ಕವಿತೆಗೆ ಹೊಸ ದಾರಿ ತೋರುವುದಕ್ಕೆ ಮೊದಲೇ, ಆಸ್ಥಾನದ ಪ್ರಭುವೊಬ್ಬನು ಪ್ರೇಮಭಾವವನ್ನು ಹಲವು ಬಂಧಗಳಲ್ಲಿ ಪ್ರಯೋಗಿಸಿ ನೋಡಿದನೆಂಬುದು ಚರಿತ್ರೆಯ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಅವನು ಕವಿಗಿಂತ ಮಿಗಿಲಾಗಿ ಕವಿಪೋಷಕ. 'ಯೂಫ್ಯೂಸ್' ಗ್ರಂಥಗಳಿಂದ ಇಂಗ್ಲಿಷ್ ಗದ್ಯಕ್ಕೆ ಹೊಸ ಬೆಡಗು ತಂದ ಜಾನ್ ಲಿಲಿ ಇವನ ಕಾರ್ಯದರ್ಶಿಯಾಗಿದ್ದನು. 1580ರ ತನ್ನ ಗ್ರಂಥವನ್ನು ಇವನಿಗೇ ಅರ್ಪಿಸಿದನು. ಆಂಟನಿ ಮಂಡೇ ಇವನ ಆಶ್ರಯ ಪಡೆದನು. ಇವನ ಹೆಸರಿನ ನಾಟಕ ಮಂಡಳಿಗಳು ಊರೂರು ತಿರುಗಿದವು. 1580ರ ದಶಕದಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ರಂಗಮಂದಿರದ ಗುತ್ತಿಗೆಯನ್ನು ತಾನು ಪಡೆದು ಲಿಲಿಗೆ ವಹಿಸಿಕೊಟ್ಟನು. ಲಿಲಿಯ ಹರ್ಷನಾಟಕಗಳಿಂದ ಷೇಕ್ಸ್‌ಪಿಯರ್ ಕಲಿತನೆಂಬುದು ಸರ್ವಸಮ್ಮತ. ಆದುದರಿಂದ ಷೇಕ್ಸ್‌ಪಿಯರನ ನೆಲವನ್ನು ಹದಗೊಳಿಸಿದವರಲ್ಲಿ ಡಿ ವೇರ್ ಒಬ್ಬನೆಂದು ಹೇಳಲು ಯಾವ ಅಡ್ಡಿಯೂ ಇಲ್ಲ. ಇದು ದಾಖಲೆಯ ಬೆಂಬಲವುಳ್ಳ ಗೌರವ.

1920ರ ಗ್ರಂಥ ಇಷ್ಟರಲ್ಲಿ ತೃಪ್ತವಾಗಲಿಲ್ಲ. ಅದರ ಕರ್ತೃ ಜೆ. ಥಾಮಸ್ ಲೋನಿ ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಿನ ಶಾಲಾ ಉಪಾಧ್ಯಾಯರು. ವೃತ್ತಿಬಂಧುವೆಂಬ ಕಾರಣದಿಂದ ಅವರ ಶ್ರಮದ ಬಗೆಗೆ ನಮಗೆ ಗೌರವವಿದೆ. ವಿಧಾನದ ಬಗೆಗೆ ಆ ಮಾತನ್ನು ಹೇಳಲಾರೆವು. ನಾಟಕಗಳನ್ನು ಓದಿ, ಅವನ್ನು ಬರೆದವನು ಎಂಥವನಿರಬೇಕೆಂದು ಅವರು ಲಕ್ಷಣಗಳ ಪಟ್ಟಿಯೊಂದನ್ನು ಮಾಡಿದರು: ಅವನು ಪ್ರಭುವಂಶದವನಾಗಿರಬೇಕು, ಇಟಲಿಯನ್ನು ಬಲ್ಲವನಾಗಿರಬೇಕು, ಬೇಟೆ ಮೊದಲಾದ ಕ್ರೀಡೆಗಳ ಪ್ರಿಯನಾಗಿರಬೇಕು, ಹಣದ ವಿಷಯದಲ್ಲಿ ಧಾರಾಳಿಯಾಗಿರಬೇಕು, ಇತ್ಯಾದಿ. ಅನಂತರ 'ವೀನಸ್ ಮತ್ತು ಅಡೋನಿಸ್' ಕಾವ್ಯದ ಆರು ಸಾಲಿನ ಪದ್ಯಬಂಧವನ್ನು ಹಿಡಿದು ಒಂದು ಕವನಸಂಕಲನದಲ್ಲಿ ಹುಡುಕಿದರು. ಡಿ ವೇರನ ಕವಿತೆ ಸಿಕ್ಕಿತು. ಪಟ್ಟಿಗೆ ಅವನ ಜೀವನ ಹೊಂದಿತು.

ಇಲ್ಲಿ ಎರಡು ದೋಷಗಳಿವೆ. ಆ ಪದ್ಯಬಂಧ ಯಾರೊಬ್ಬರ ಸೊತ್ತೂ ಅಲ್ಲ. 1589ರಲ್ಲಿಯೇ ಥಾಮಸ್ ಲಾಡ್ಜ್ ತನ್ನ ದೀರ್ಘಕಾವ್ಯಕ್ಕೆ ಅದನ್ನು ಬಳಸಿದ್ದನು. ಎರಡನೆಯದು ಮೂಲಭೂತವಾದ ದೋಷ. ಕವಿಯು ತಾನು ಅನುಭವಿಸಿದುದನ್ನೇ ಬರೆಯುತ್ತಾನೆಂದು ಮೊದಲೇ ಭಾವಿಸಿಕೊಂಡು, ಕೃತಿಯಿಂದ ಜೀವನವನ್ನು ಕಟ್ಟಿ, ಆ ಜೀವನವುಳ್ಳವನನ್ನು ಹುಡುಕಿ, ಅವನೇ ಕವಿಯೆಂದರೆ ಅದು ಚಕ್ರಕ ತರ್ಕ. ಅದೇ ಕೀಲಿಯಿಂದ ಬೇರೆಯವರು ಬೇರೆ ಬೀಗಗಳನ್ನು ತೆರೆದಿದ್ದಾರೆ. ಫ್ರಾನ್ಸಿಸ್ ಬೇಕನ್, ಕ್ರಿಸ್ಟೋಫರ್ ಮಾರ್ಲೊ, ಕೊನೆಗೆ ಡಿ ವೇರನ ಅಳಿಯನೇ ಆದ ಡರ್ಬಿಯ ಅರ್ಲ್ ಕೂಡ ಷೇಕ್ಸ್‌ಪಿಯರನೆಂದು ಘೋಷಿತರಾಗಿದ್ದಾರೆ.

ಪ್ರತಿಪಕ್ಷದ ವಾದಗಳನ್ನು ಅವುಗಳ ಬಲದಲ್ಲಿಯೇ ನೋಡುವುದು ನ್ಯಾಯ. ಹ್ಯಾಮ್ಲೆಟನು ಕಡಲ್ಗಳ್ಳರ ಕೈಗೆ ಸಿಕ್ಕಂತೆ ಪ್ರಭುವೂ ಸಿಕ್ಕಿದ್ದನು. ಮುದಿಮಂತ್ರಿ ಪೊಲೋನಿಯಸನಲ್ಲಿ ಮಾವ ಬರ್ಲಿಯ ಛಾಯೆ ಕಾಣುತ್ತದೆ. ಷೇಕ್ಸ್‌ಪಿಯರನು ಬಳಸಿದ ಓವಿಡನ ಅನುವಾದ ಪ್ರಭುವಿನ ಸೋದರಮಾವನದು. 1623ರ ಸಂಪುಟವನ್ನು ಅರ್ಪಿಸಿಕೊಂಡ ಇಬ್ಬರು ಸೋದರರಲ್ಲಿ ಒಬ್ಬನು ಪ್ರಭುವಿನ ಮಗಳು ಸೂಸನಳ ಗಂಡ. ಇವೆಲ್ಲ ಕುತೂಹಲಕರ. ಮನಶ್ಶಾಸ್ತ್ರಜ್ಞ ಫ್ರಾಯ್ಡನಂಥವರೇ ಇವಕ್ಕೆ ಮನಸೋತರು. ಆದರೆ ಹೋಲಿಕೆ ಸಾಕ್ಷ್ಯವಲ್ಲ. ಗೋಲ್ಡಿಂಗನ ಅನುವಾದ ಅಂಗಡಿಯಲ್ಲಿ ಮಾರಾಟಕ್ಕಿದ್ದ ಪುಸ್ತಕ. ಅದನ್ನು ಓದಲು ಅವನ ಅಳಿಯನಾಗಬೇಕಿರಲಿಲ್ಲ.

ಸಾಕ್ಷ್ಯವೆಂದರೆ ಬೇರೆ. ಷೇಕ್ಸ್‌ಪಿಯರನು ಬದುಕಿದ್ದಾಗಲೇ ಅವನ ಹೆಸರು ಮುಖಪುಟಗಳಲ್ಲಿ ಅಚ್ಚಾಯಿತು. 1616ರ ಅವನ ಮರಣಶಾಸನದಲ್ಲಿ ಬರ್ಬೇಜ್, ಹೆಮಿಂಜಸ್, ಕಾಂಡೆಲ್ ಎಂಬ ಮೂವರು ಸಹನಟರಿಗೆ ನೆನಪಿನ ಉಂಗುರಗಳಿಗಾಗಿ ಹಣ ಬಿಟ್ಟ ಉಲ್ಲೇಖವಿದೆ. ಅವರಲ್ಲಿ ಕೊನೆಯ ಇಬ್ಬರೇ 1623ರಲ್ಲಿ 36 ನಾಟಕಗಳ ಸಂಪುಟವನ್ನು, ತಮ್ಮ ಗೆಳೆಯನ ಕೃತಿಗಳೆಂದು ಸಾರಿ ಹೊರತಂದರು. ಅವನನ್ನು ಹತ್ತಿರದಿಂದ ಬಲ್ಲ, ಹೊಗಳಿಕೆಯಲ್ಲಿ ಬಹಳ ಜಿಪುಣನಾದ ಬೆನ್ ಜಾನ್ಸನ್ ಅದಕ್ಕೆ ಪ್ರಶಸ್ತಿಪದ್ಯ ಬರೆದನು. ಮೇಲೆ ಹೇಳಿದ ಮಿಯರ್ಸನ 1598ರ ಪಟ್ಟಿಯಲ್ಲಿ ಆಕ್ಸ್‌ಫರ್ಡಿನ ಅರ್ಲ್ ಮತ್ತು ಷೇಕ್ಸ್‌ಪಿಯರ್ ಎಂಬ ಎರಡು ಹೆಸರುಗಳೂ ಒಂದೇ ಸಾಲಿನಲ್ಲಿ ಬೇರೆ ಬೇರೆಯಾಗಿ ನಿಂತಿವೆ. ಪ್ರಭುವಿಗೆ ನಾಟಕಕಾರನೆನಿಸಿಕೊಳ್ಳುವುದು ಲಜ್ಜೆಯಾದುದರಿಂದ ಹೆಸರು ಮುಚ್ಚಿಟ್ಟನೆಂಬ ವಾದವೂ ಇದರಿಂದಲೇ ಬೀಳುತ್ತದೆ. ಅವನು ಹರ್ಷನಾಟಕಕಾರನೆಂದು ಅಚ್ಚಿನಲ್ಲಿ ಎರಡು ಬಾರಿ ಪ್ರಸಿದ್ಧವಾಗಿತ್ತು, ಮುಚ್ಚಿಡಲು ಉಳಿದುದೇನು?

ಎಲ್ಲಕ್ಕೂ ಮಿಗಿಲಾದುದು ಆ ತಾರೀಖು, 1604ರ ಜೂನ್ 24. 'ಮ್ಯಾಕ್‌ಬೆತ್' ನಾಟಕದಲ್ಲಿ 1605ರ ಮದ್ದುಗುಂಡಿನ ಸಂಚಿನ ಬಳಿಕ ನಡೆದ ವಿಚಾರಣೆಯ ಪ್ರತಿಧ್ವನಿಯಿದೆ. 'ಟೆಂಪೆಸ್ಟ್' ನಾಟಕವು 1609ರಲ್ಲಿ ಬರ್ಮುಡಾ ದ್ವೀಪದ ಬಳಿ ಒಡೆದ ಹಡಗಿನ ವೃತ್ತಾಂತಕ್ಕೆ ಋಣಿಯೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಆ ವೃತ್ತಾಂತದ ಪತ್ರವು 1610ರದು. 1613ರಲ್ಲಿ ಗ್ಲೋಬ್ ರಂಗಮಂದಿರ ಸುಟ್ಟುಹೋದ ದಿನ ಆಡುತ್ತಿದ್ದ ಎಂಟನೆಯ ಹೆನ್ರಿಯ ನಾಟಕವನ್ನು ಸಮಕಾಲೀನನೊಬ್ಬನು ಹೊಸ ನಾಟಕವೆಂದು ಕರೆದಿದ್ದಾನೆ. ಕೊನೆಯ ಕೆಲವು ಕೃತಿಗಳನ್ನು ಷೇಕ್ಸ್‌ಪಿಯರನು ಕಿರಿಯನಾದ ಜಾನ್ ಫ್ಲೆಚರನೊಡನೆ ಸೇರಿ ಬರೆದನು. ಸತ್ತು ಒಂಬತ್ತು ವರ್ಷ ಕಳೆದವನು ಬದುಕಿದ್ದವನೊಡನೆ ಕೂಡಿ ನಾಟಕ ಬರೆಯುವುದೆಂತು? ಹಸ್ತಪ್ರತಿಗಳನ್ನು ಬಿಟ್ಟುಹೋಗಿದ್ದನು, ಇತರರು ತಿದ್ದಿದರು ಎಂಬ ಸಮಾಧಾನವಿದೆ. ಆದರೆ ಅಂಥ ಒಂದು ಹಾಳೆಯೂ ದೊರೆತಿಲ್ಲ. ಅವನ ಕೈಬರಹದ ಪತ್ರಗಳು ಹಲವಾರು ಉಳಿದಿವೆ. ಅವುಗಳಲ್ಲಿ ಹೆಚ್ಚಿನವು ಹಣ, ಭೂಮಿ, ತವರದ ವ್ಯಾಪಾರದ ಏಕಸ್ವಾಮ್ಯ ಇವುಗಳನ್ನು ಕುರಿತಾದವು.

1987ರಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಮುಂದೆ ಈ ವ್ಯಾಜ್ಯವನ್ನು ಅಣಕು ನ್ಯಾಯಾಲಯದ ರೂಪದಲ್ಲಿ ಮಂಡಿಸಲಾಯಿತು. ತೀರ್ಪು ಷೇಕ್ಸ್‌ಪಿಯರನ ಪರವಾಯಿತು. ಆ ಮೂವರಲ್ಲೊಬ್ಬರಾದ ಜಾನ್ ಪಾಲ್ ಸ್ಟೀವನ್ಸ್ ಮುಂದೆ ಆಕ್ಸ್‌ಫರ್ಡನ ಕಡೆಗೇ ವಾಲಿದರು. ಸಂದೇಹದ ಬೇರು ಸಾಕ್ಷ್ಯದ ಕೊರತೆಯಲ್ಲಿ ಮಾತ್ರವಿದ್ದರೆ ತೀರ್ಪು ಅದನ್ನು ಕಿತ್ತುಹಾಕುತ್ತಿತ್ತು.

ಕನ್ನಡಿಗರಿಗೆ ಕರ್ತೃತ್ವದ ಚರ್ಚೆ ಹೊಸದಲ್ಲ. 'ಕವಿರಾಜಮಾರ್ಗ'ವು ನೃಪತುಂಗನದೋ ಶ್ರೀವಿಜಯನದೋ ಎಂದು ನಮ್ಮ ಹಿರಿಯರು ವಾದಿಸಿದರು. ಆದರೆ ಅಲ್ಲಿ ಸಂದೇಹ ಹುಟ್ಟಿದುದು ಗ್ರಂಥದ ಒಳಗಿನಿಂದಲೇ. ಎರಡು ಹೆಸರುಗಳೂ ಅದರ ಪದ್ಯಗಳಲ್ಲಿವೆ. ಷೇಕ್ಸ್‌ಪಿಯರನ ವಿಷಯದಲ್ಲಿ ಹಾಗಲ್ಲ. ಅವನ ಸಮಕಾಲೀನರಲ್ಲಿ ಯಾರೂ ಎತ್ತದ ಪ್ರಶ್ನೆಯು 19ನೆಯ ಶತಮಾನದ ನಡುವಿನಲ್ಲಿ ಬಲವಾಗಿ ತಲೆಯೆತ್ತಿತು. ಹೆಸರು ಮರೆಸಿದ ಕವಿಯ ಉದಾಹರಣೆಯೂ ನಮ್ಮಲ್ಲುಂಟು. ನಂದಳಿಕೆಯ ಲಕ್ಷ್ಮೀನಾರಣಪ್ಪನು ತಾನು ಬರೆದುದನ್ನು ಹಳೆಯ ಕವಿಗಳ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸಿದನು. ಮುದ್ದಣನು ಅವನೇ ಎಂಬುದು ಅವನನ್ನು ಬಲ್ಲವರ ಮಾತುಗಳಿಂದ ಲೋಕಕ್ಕೆ ತಿಳಿಯಿತು. ಗುಟ್ಟುಗಳು ಹೊರಬೀಳುವುದು ಹೀಗೆ. ಮತ್ತು ಲೋನಿಯವರ ಪಟ್ಟಿಯನ್ನು 'ಶ್ರೀರಾಮಾಶ್ವಮೇಧ'ಕ್ಕೆ ಅನ್ವಯಿಸಿದ್ದರೆ ಏನಾಗುತ್ತಿತ್ತು? ಹಳಗನ್ನಡ ಬಲ್ಲ ಆಸ್ಥಾನಪಂಡಿತನೊಬ್ಬನನ್ನು ಹುಡುಕಿ ಪಟ್ಟಕಟ್ಟುತ್ತಿದ್ದೆವು. ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದ, ಬಡತನದಲ್ಲಿ ಬೆಂದು ಎಳೆವಯಸ್ಸಿನಲ್ಲಿಯೇ ತೀರಿಹೋದ ಶಿಕ್ಷಕನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಸ್ಟ್ರಾಟ್‌ಫರ್ಡಿನ ಬಾಲಕನ ತಂದೆ ಕೈಗವಸು ಮಾಡುವವನು. ಊರಿನ ಪೌರಾಡಳಿತದಲ್ಲಿ ಮುಖ್ಯಸ್ಥನೂ ಆಗಿದ್ದನು. ಆ ಊರಿನಲ್ಲಿ ವ್ಯಾಕರಣಶಾಲೆಯಿತ್ತು. ಅಂಥ ಶಾಲೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಲ್ಯಾಟಿನ್ ಪಾಠ. ಓವಿಡನೂ ಸಿಸೆರೋನೂ ಕಂಠಪಾಠ. ಆ ಕಾಲದ ಹಾಜರಿ ಪುಸ್ತಕ ಉಳಿದಿಲ್ಲವೆಂದು ಆಕ್ಷೇಪಿಸುತ್ತಾರೆ. ಹಾಜರಿ ಪುಸ್ತಕ ಉಳಿಯದ ಮಾತ್ರಕ್ಕೆ ವಿದ್ಯಾರ್ಥಿಯೇ ಇರಲಿಲ್ಲವೆಂದರೆ ನಮ್ಮ ಎಷ್ಟೋ ಗಡಿನಾಡ ಶಾಲೆಗಳ ಮಕ್ಕಳು ಹುಟ್ಟಿಯೇ ಇಲ್ಲವೆನ್ನಬೇಕಾದೀತು. ಮಾರ್ಲೊ ಚಮ್ಮಾರನ ಮಗ. ಜಾನ್ಸನ್ ಇಟ್ಟಿಗೆ ಕಟ್ಟುವವನ ಮಲಮಗ. ಆ ಯುಗದ ಇಂಗ್ಲಿಷ್ ರಂಗಭೂಮಿಯನ್ನು ಕಟ್ಟಿದವರಲ್ಲಿ ಹೆಚ್ಚಿನವರು ಇಂಥ ಮನೆಗಳಿಂದ ಬಂದವರು. ಒಳ್ಳೆಯ ಗುರು, ನಾಲ್ಕು ಪುಸ್ತಕ, ತೆರೆದ ಕಿವಿ: ಇಷ್ಟು ದೊರೆತ ಪ್ರತಿಭೆಗೆ ಅರಮನೆ ಬೇಕಿಲ್ಲ.

ಈ ವಿವಾದದಿಂದ ನಿಜವಾಗಿ ನಷ್ಟಗೊಂಡವನು ಡಿ ವೇರನೇ ಎಂಬುದು ನಮ್ಮ ಅಭಿಪ್ರಾಯ. ಅಭಿಮಾನಿಗಳು ಅವನ ಕವಿತೆಗಳಲ್ಲಿ ಹ್ಯಾಮ್ಲೆಟನ ಬೀಜಗಳನ್ನು ಅರಸುತ್ತಾರೆ. ವಿರೋಧಿಗಳು ಅವು ಎಷ್ಟು ಸಾಮಾನ್ಯವೆಂದು ತೋರಿಸಲು ಓದುತ್ತಾರೆ. ಅವನನ್ನು ಅವನಿಗಾಗಿಯೇ ಓದುವವರಿಲ್ಲ. ಪರರ ಪೀತಾಂಬರವನ್ನು ಹೊದಿಸಿ ಅವನ ಸ್ವಂತ ಬಟ್ಟೆಯನ್ನು ಕಾಣದಂತೆ ಮಾಡಿದ್ದೇವೆ.

ಆ 16ರಲ್ಲಿ ಒಂದು ಕವಿತೆಯನ್ನು ಇಲ್ಲಿ ಸ್ಮರಿಸಬೇಕು. 1573ರಲ್ಲಿ ಥಾಮಸ್ ಬೆಡಿಂಗ್‌ಫೀಲ್ಡನು ಇಟಲಿಯ ಕಾರ್ಡಾನೋನ ಗ್ರಂಥವನ್ನು ಅನುವಾದಿಸಿದಾಗ ಪ್ರಭುವು ಅದಕ್ಕೆ ಮುನ್ನುಡಿಯ ಪತ್ರವನ್ನೂ ಒಂದು ಪದ್ಯವನ್ನೂ ಬರೆದುಕೊಟ್ಟನು. ಆಗ ಅವನಿಗೆ 23 ವರ್ಷ. ನೆಲವನ್ನು ಉತ್ತು ಬೆಳೆದವನಿಗೆ ಹೊಟ್ಟು, ಕಾಳು ಒಡೆಯನಿಗೆ. ದುಡಿದವನೊಬ್ಬ, ಉಂಡವನೊಬ್ಬ ಎಂಬುದು ಆ ಪದ್ಯದ ತಾತ್ಪರ್ಯ. ಗ್ರಂಥಕರ್ತನ ಶ್ರಮಕ್ಕೂ ಇದೇ ಗತಿಯೆಂದು ಅವನು ಹೇಳುತ್ತಾನೆ. ಉಣ್ಣುವ ವರ್ಗಕ್ಕೆ ಸೇರಿದ ಯುವಕನೊಬ್ಬನು ಇಷ್ಟನ್ನು ಕಂಡು ಹೇಳಿದನೆಂಬುದೇ ಅವನ ಯೋಗ್ಯತೆ. ಕೈಗವಸಿನವನ ಮಗನ ಬೆಳೆಯನ್ನು ಕೊಯ್ದು ಈ ಪ್ರಭುವಿನ ಕಣಜಕ್ಕೆ ತುಂಬಲು ಹೊರಟವರು ಅವನ ಈ ಪದ್ಯವನ್ನು ಗಮನವಿಟ್ಟು ಓದಿದ್ದರೆ, ಅವನೇ ತಮ್ಮ ಕೈ ಹಿಡಿದು ತಡೆಯುತ್ತಿರುವುದನ್ನು ಕಾಣುತ್ತಿದ್ದರು.